ರಟ್ಟಿನ ಪಿಯಾನೋ

ಮನುಷ್ಯ ಕೊಡೆ ಮರೆಯಬಹುದು, ಕನ್ನಡಕ ಮರೆಯಬಹುದು, ಹೆಂಡತಿ ಹೇಳಿಕಳಿಸಿದ ಸಾಮಾನು ಮರೆಯುವುದಂತೂ ಗಂಡಸರ ಹುಟ್ಟುಗುಣ. ಆದರೆ ಶಾಲೆಯಿಂದ ಸ್ವಂತ ಮೊಮ್ಮಗಳನ್ನು ಕರೆತರಲು ಹೋಗಿ, ಇನ್ಯಾರದೋ ಮೊಮ್ಮಗಳನ್ನು ಕೈಹಿಡಿದು ಕರೆತಂದ ಮಹಾನುಭಾವರನ್ನು ಲೋಕದಲ್ಲಿ ಎಷ್ಟು ಜನ ಕಂಡಿದ್ದಾರೋ ನಾನರಿಯೆ. ನಾನು ಕಂಡಿದ್ದೇನೆ. ಅವರು ನನ್ನ ಅಕ್ಕನ ಗಂಡ.

ಭಾವ ಎಂದರೆ ಸಾಮಾನ್ಯರಲ್ಲ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಇಡೀ ನೌಕರಿ ಕಳೆದವರು. ಪಕ್ಕದ ಗೋಡೆಯ ತುಂಬ ವೇಳಾಪಟ್ಟಿ ಇದ್ದರೂ ಒಂದು ದಿನ ಕತ್ತೆತ್ತಿ ನೋಡಿದವರಲ್ಲ, ಎಲ್ಲವೂ ಬಾಯಲ್ಲೇ. ನಿವೃತ್ತರಾದ ಮೇಲೂ ಯಾರಾದರೂ ದಾರಿಯಲ್ಲಿ ಚೀಲ ಹಿಡಿದು ಹೋಗುತ್ತಿದ್ದರೆ ಸಾಕು, ತಡೆದು ನಿಲ್ಲಿಸಿ, "ಒಂಬತ್ತೂವರೆದು ಬೇಡ, ಅದು ಕಂಡಕಂಡಲ್ಲಿ ನಿಲ್ಲುತ್ತೆ. ಹತ್ತೂಕಾಲಿನದು ಹಿಡೀರಿ" ಎನ್ನುತ್ತಿದ್ದರು. ಆ ಬಸ್ಸುಗಳು ಓಡುವುದನ್ನು ಬಿಟ್ಟು ಯಾವ ಕಾಲವಾಯಿತೋ, ಅದು ಬೇರೆ ಮಾತು. "ನನ್ನ ತಲೆ ಕಬ್ಬಿಣದ ಪೆಟ್ಟಿಗೆ ಕಣೋ. ಒಳಗೆ ಹಾಕಿದ್ದು ಎಲ್ಲಿಗೂ ಹೋಗಲ್ಲ" ಎಂದು ನನ್ನ ಅಂಗಡಿಗೆ ಬಂದು ಗಿರಾಕಿಗಳ ಮುಂದೆ ಹೇಳಿಕೊಳ್ಳುವರು. ನನ್ನದು ಅದೇ ಕಟ್ಟಡದ ನೆಲಮಹಡಿಯಲ್ಲಿ ಕನ್ನಡಕದ ಅಂಗಡಿ. ಮೇಲಿನ ಮಹಡಿಯಲ್ಲಿ ಅಕ್ಕ, ಭಾವ, ಅವರ ಮಗಳು, ಮತ್ತು ಬಾಯಿ ಮುಚ್ಚಿದ್ದೇ ಗೊತ್ತಿಲ್ಲದ್ದರಿಂದ ನಾವೆಲ್ಲ ಚಿನಕುರಳಿ ಎಂದು ಕರೆಯುವ ಮೊಮ್ಮಗಳು. ಅಳಿಯನದು ಹಡಗಿನ ಕೆಲಸ. ಅವನು ಮನೆಗೆ ಬರುವುದೇ ಅಪರೂಪ.

ಆ ಮಧ್ಯಾಹ್ನ ಅಕ್ಕ ಕಿರುಚಿದ್ದು ಕೇಳಿ, ಗಿರಾಕಿಯೊಬ್ಬರ ಮೂಗಿನ ಮೇಲೆ ಅರ್ಧ ಕೂರಿಸಿದ್ದ ಫ್ರೇಮನ್ನು ಹಾಗೇ ಬಿಟ್ಟು ಮೇಲಕ್ಕೆ ಓಡಿದೆ. ಊಟದ ಮೇಜಿನ ಮುಂದೆ ಒಂದು ಹುಡುಗಿ ಕುಳಿತು ಬ್ರೆಡ್ಡಿಗೆ ಜಾಮ್ ಬಳಿದುಕೊಂಡು ತಿನ್ನುತ್ತಿತ್ತು. ಅದೇ ಸಮವಸ್ತ್ರ, ಅದೇ ನೀಲಿ ಚೀಲ, ಅದೇ ಎರಡು ಜಡೆ. ಮುಖ ಮಾತ್ರ ಬೇರೆ.

"ರೀ, ಇದು ಯಾರ ಮಗುರೀ?" ಅಕ್ಕ ಎದೆ ಹಿಡಿದುಕೊಂಡು ಕೇಳಿದಳು.

"ಯಾರ ಮಗು ಅಂದ್ರೆ? ನಮ್ದೇ" ಎಂದರು ಭಾವ, ಶೂ ಬಿಚ್ಚುತ್ತ.

"ಅಲ್ಲ ಅಜ್ಜಿ, ನಾನು ಬೇರೆ" ಎಂದಿತು ಮಗು.

"ಮತ್ತೆ ಯಾಕೆ ಬಂದೆ ಮರಿ ಇವರ ಜೊತೆ?"

"ತಾತ 'ಬಾ' ಅಂದ್ರು, ಬಂದೆ. ಇನ್ನೊಂದು ಬ್ರೆಡ್ ಇದೆಯಾ?"

ಮುಂದಿನದನ್ನು ವಿವರವಾಗಿ ಹೇಳಲು ನನಗೆ ಧೈರ್ಯ ಸಾಲದು. ಶಾಲೆಯ ಗೇಟಿನಲ್ಲಿ ನಮ್ಮ ಚಿನಕುರಳಿ ಅತ್ತು ಅತ್ತು ಕಾವಲುಗಾರನ ಕರವಸ್ತ್ರ ಒದ್ದೆ ಮಾಡಿದ್ದಳು. ಆ ಇನ್ನೊಂದು ಮಗುವಿನ ಅಪ್ಪ ನಮ್ಮ ಮನೆಗೆ ಬಂದು ಕೂಗಾಡಿದ ಕೂಗಿಗೆ ನನ್ನ ಅಂಗಡಿಯ ಗಾಜುಗಳು ಅದುರಿದವು. ಭಾವನ ಮಗಳು ರಕ್ತಪರೀಕ್ಷೆಯ ಲ್ಯಾಬಿನಿಂದ ಬಿಳಿ ಕೋಟಿನಲ್ಲೇ ಓಡಿಬಂದು, ಎಲ್ಲರ ಕ್ಷಮೆ ಕೇಳಿ, ಬಾಗಿಲು ಹಾಕಿ, ಅಪ್ಪನ ಎದುರು ನಿಂತಳು.

"ಅಪ್ಪ, ನಾಳೆಯಿಂದ ನೀವು ಶಾಲೆಗೆ ಹೋಗೋದು ಬೇಡ. ಡಾಕ್ಟರು ತಲೆ ಸರಿಯಿದೆ ಅನ್ನೋವರೆಗೂ ಬೇಡ."

ವಾದ ಮಾಡದೆ ಒಂದು ದಿನ ಕಳೆಯದ ಮನುಷ್ಯ ಅಂದು ಬಿಚ್ಚಿದ್ದ ಶೂಗಳನ್ನು ಜೋಡಿಸಿ ಮೂಲೆಗಿಟ್ಟರು. ಅವರಿಗೆ ದಿನದಲ್ಲಿ ಇದ್ದ ಸುಖ ಅದೊಂದೇ. ಮಗು ಅವರ ಕಿರುಬೆರಳು ಹಿಡಿದುಕೊಂಡು, ಯಾರು ಯಾರ ರಬ್ಬರ್ ಕದ್ದರು, ಟೀಚರು ಯಾರಿಗೆ ಬೈದರು ಎಂದು ವರದಿ ಒಪ್ಪಿಸುತ್ತ ಬರುವ ಆ ದಾರಿ. ಅದನ್ನೇ ಕಿತ್ತುಕೊಂಡು, ಬಿಡುವಿದ್ದವರು ಹೋಗುವುದೆಂದು ಅಕ್ಕ, ಮಗಳು, ನಾನು ಹಂಚಿಕೊಂಡ ಮೇಲೆ ಅವರು ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಶೂ ಹಾಕಿಕೊಂಡು ಕುರ್ಚಿಯಲ್ಲಿ ಕೂರುವರು. ಸ್ವಲ್ಪ ಹೊತ್ತಾದ ಮೇಲೆ ಬಿಚ್ಚಿಡುವರು. ನನಗೂ ಅವರಿಗೂ ಎಂದೂ ಸರಿಬಂದದ್ದಿಲ್ಲ. ಆದರೂ ಅದನ್ನು ನೋಡಲಾಗದೆ ಆ ಹೊತ್ತಿಗೆ ಮೇಲಕ್ಕೆ ಹೋಗುವುದನ್ನೇ ಬಿಟ್ಟೆ.

ಡಾಕ್ಟರ ಕ್ಲಿನಿಕ್ಕು ನನ್ನ ಅಂಗಡಿಯ ಎದುರಿಗೇ. ಅವರು ಎಲ್ಲ ಕೇಳಿ, "ಒಂದು ಸಲ ಮರೆತದ್ದಕ್ಕೆ ಏನೂ ಹೇಳೋಕಾಗಲ್ಲ. ಸ್ವಲ್ಪ ದಿನ ಗಮನ ಇಟ್ಟು ನೋಡಿ. ಹೊಸದಾಗಿ ಏನಾದ್ರೂ ವಿಚಿತ್ರ ಕಂಡ್ರೆ ನನಗೆ ತಿಳಿಸಿ" ಎಂದರು. ಗಮನ ಇಡುವ ಕೆಲಸ ನನ್ನ ಪಾಲಿಗೆ ಬಂತು. ಜನರ ಕಣ್ಣು ನೋಡಿಯೇ ಹೊಟ್ಟೆ ಹೊರೆಯುವವನಲ್ಲವೇ ನಾನು? ಒಪ್ಪಿಕೊಂಡೆ.

ವಿಚಿತ್ರ ಕಾಣಲು ಹೆಚ್ಚು ಕಾಯಬೇಕಾಗಲಿಲ್ಲ. ಒಂದು ಬೆಳಿಗ್ಗೆ ಭಾವ ಅಂಗಡಿಗೆ ಬಂದವರು ಕೌಂಟರಿನ ಗಾಜಿನ ಮೇಲೆ ಬಲಗೈ ಇಟ್ಟು, ಬೆರಳು ಬಡಿಯುತ್ತ, "ಒಂದು, ಮೂರು, ಐದು, ಮೂರು" ಎಂದರು. ಮತ್ತೆ, "ಒಂದು, ಮೂರು, ಐದು, ಮೂರು."

"ಭಾವ, ಎರಡು, ನಾಲ್ಕು ಎಲ್ಲಿ ಹೋದವು?" ಎಂದೆ, ಹಗುರವಾಗಿ.

"ಅವು ಈಗಲೇ ಬರಲ್ಲ" ಎಂದರು, ಗಂಭೀರವಾಗಿ. "ಅವು ಬರೋದು ಮುಂದಿನ ವಾರ."

ನನ್ನ ಕೈಯಲ್ಲಿದ್ದ ಲೆನ್ಸು ಜಾರಿ ಬಿತ್ತು. ಸಾವಿರ ಬಸ್ಸುಗಳ ವೇಳೆ ಬಾಯಲ್ಲಿಟ್ಟುಕೊಂಡಿದ್ದವರಿಗೆ ಐದರವರೆಗೆ ಎಣಿಸಲು ಬರುತ್ತಿಲ್ಲ!

ಮರುದಿನ ಅಕ್ಕ ಕಣ್ಣೀರು ಹಾಕುತ್ತ ಕೆಳಗಿಳಿದು ಬಂದಳು. "ಊಟಕ್ಕೆ ಕೂತಾಗ ಎಡಗೈ ಒಂದು ಮಾಡುತ್ತೆ, ಬಲಗೈ ಇನ್ನೊಂದು ಮಾಡುತ್ತೆ ಕಣೋ. ಒಂದಕ್ಕೊಂದು ಸಂಬಂಧವೇ ಇಲ್ಲ. ಸಾಲದ್ದಕ್ಕೆ ಹೆಬ್ಬೆರಳಿಗೆ ಬೈತಾರೆ."

"ಯಾರ ಹೆಬ್ಬೆರಳಿಗೆ?"

"ಅವರದ್ದಕ್ಕೇ! ಮುಖದ ಹತ್ತಿರ ಹಿಡ್ಕೊಂಡು, 'ಸೋಮಾರಿ, ನಿನ್ನಿಂದ ಎಲ್ಲರಿಗೂ ಲೇಟು, ನಾಚಿಕೆ ಆಗಲ್ವಾ ನಿಂಗೆ?' ಅಂತ ಕೇಳಿದ್ರು."

ನಾನು ಎದುರಿನ ಕ್ಲಿನಿಕ್ಕಿಗೆ ಓಡಿ ಇದನ್ನು ಡಾಕ್ಟರಿಗೆ ತಿಳಿಸಿದೆ. ಅವರು ಪೆನ್ನು ಕೆಳಗಿಟ್ಟರು. "ಹೆಬ್ಬೆರಳು ಏನಾದ್ರೂ ಉತ್ತರ ಕೊಡುತ್ತೆ ಅಂತಾರಾ?"

"ಅಷ್ಟಕ್ಕೆ ಇನ್ನೂ ಬಂದಿಲ್ಲ ಸಾರ್."

"ಬಂದ್ರೆ ತಡ ಮಾಡಬೇಡಿ" ಎಂದರು.

ಸುದ್ದಿ ಕಟ್ಟಡವೆಲ್ಲ ಹಬ್ಬಿತು. ನಾನು ಯಾರಿಗೂ ಹೇಳಲಿಲ್ಲ. ಅಂಗಡಿಗೆ ಬಂದವರಿಗೆ ಮಾತ್ರ, ಅದೂ ಅವರೇ ಕೇಳಿದರೆ, ಅಥವಾ ಕೇಳುವ ಹಾಗೆ ಕಂಡರೆ ಹೇಳಿದೆ. ವಾಚ್‌ಮನ್ ಬಂದು, ಸೆಕ್ರೆಟರಿ ಸಾಹೇಬರು (ಕಟ್ಟಡದ ಸಂಘಕ್ಕೆ ಭಾವನೇ ಸೆಕ್ರೆಟರಿ) ಗೇಟಿನ ಸರಳುಗಳನ್ನು ಎಣಿಸುತ್ತಿದ್ದರು, ತಾನು ಸಲಾಮು ಹೊಡೆದರೆ ಕಣ್ಣು ಮುಚ್ಚಿಕೊಂಡು 'ಷ್' ಎಂದರು ಎಂದ. ಬಸ್ಸಿನಲ್ಲಿ ಮುಂದಿನ ಸೀಟಿನವರ ಬೆನ್ನಿನ ಮೇಲೆ ಹತ್ತೂ ಬೆರಳು ಆಡಿಸಿದರಂತೆ. ಆ ಪುಣ್ಯಾತ್ಮರು ನೋವು ಕಡಿಮೆಯಾಯಿತು ಎಂದು ಧನ್ಯವಾದ ಹೇಳಿ ಇಳಿದರಂತೆ. ನಾವು ಮಾತ್ರ ಗರ ಬಡಿದವರಂತೆ ಕೂತೆವು. ಭಾವನ ಮಗಳು ಒಂದು ಸಂಜೆ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಸಿದು, "ಮಾವ, ನನ್ನ ಅಪ್ಪ ಕೈಬಿಟ್ಟು ಹೋಗ್ತಿದ್ದಾರೆ" ಎಂದು ಅತ್ತುಬಿಟ್ಟಳು. ಅವಳ ಕನ್ನಡಕ ತೆಗೆದುಕೊಂಡು ಒರೆಸಿ ಕೊಟ್ಟೆ.

ಇಷ್ಟರ ಮೇಲೆ ವಾಚ್‌ಮನ್ ಇನ್ನೊಂದು ಸುದ್ದಿ ತಂದ. "ಸಾರ್, ನಿಮ್ಮ ಭಾವ ದಿನಾ ಮಧ್ಯಾಹ್ನ ಮೇಲ್ಗಡೆ ಪಿಯಾನೋ ಟೀಚರಮ್ಮನ ಮನೆಗೆ ಹೋಗ್ತಾರೆ. ಒಂದು ಗಂಟೆ ಒಳಗಿರ್ತಾರೆ. ಸದ್ದೇ ಇಲ್ಲ."

ನಾನು ಬೆಚ್ಚಿಬಿದ್ದೆ. ಕಾರಣ ಹೇಳಬೇಕು. ಪಿಯಾನೋ ಟೀಚರಮ್ಮ ಎಪ್ಪತ್ತು ದಾಟಿದ ಒಂಟಿ ಹೆಂಗಸು. ಸುತ್ತಲಿನ ಅರ್ಧ ಊರಿನ ಮಕ್ಕಳಿಗೆ ಪಿಯಾನೋ ಕಲಿಸಿದವರು. ಭಾವ ಕಟ್ಟಡದ ಸಂಘಕ್ಕೆ ಸೆಕ್ರೆಟರಿಯಾದ ವರ್ಷ ಮಾಡಿದ ಮೊದಲ ಘನಕಾರ್ಯವೆಂದರೆ, ತಮ್ಮ ಮಧ್ಯಾಹ್ನದ ನಿದ್ದೆಗೆ ಭಂಗ ಬರುತ್ತದೆಂದು, ಕಟ್ಟಡದೊಳಗೆ ಯಾರೂ ಯಾವ ವಾದ್ಯವನ್ನೂ ನುಡಿಸತಕ್ಕದ್ದಲ್ಲ ಎಂದು ನಿಯಮ ಬರೆದು ಮೆಟ್ಟಿಲ ಗೋಡೆಗೆ ಅಂಟಿಸಿದ್ದು. ಅಂದಿನಿಂದ ಆಕೆಯ ಪಿಯಾನೋ ಬಟ್ಟೆ ಹೊದ್ದು ಮಲಗಿತ್ತು. ಅಂದಿನಿಂದಲೇ ಇಬ್ಬರೂ ಎದುರಾದರೆ ಒಬ್ಬರು ಮೇಲೆ ನೋಡುವುದು, ಇನ್ನೊಬ್ಬರು ಕೆಳಗೆ ನೋಡುವುದು. ಅಂಥವರ ಮನೆಗೆ ಭಾವ ದಿನವೂ ಹೋಗುತ್ತಾರೆಂದರೆ!

"ಜಗಳ ಆಡೋ ಸದ್ದಾದ್ರೂ ಬರಬೇಕಲ್ಲಯ್ಯಾ?" ಎಂದೆ.

"ಅದೂ ಇಲ್ಲ ಸಾರ್. ಕಿವಿ ಇಟ್ಟು ಕೇಳಿದೆ. ಅಂದ್ರೆ, ಅಕಸ್ಮಾತ್ ಕಿವಿ ಅಲ್ಲಿತ್ತು."

ಅಂದು ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು, ಚಪ್ಪಲಿ ಕೈಯಲ್ಲಿ ಹಿಡಿದು ಮೇಲೆ ಹತ್ತಿದೆ. ಸೆಖೆಗೆ ಟೀಚರಮ್ಮ ಬಾಗಿಲನ್ನು ಒಂದು ಗೇಣು ತೆರೆದಿಟ್ಟಿದ್ದರು. ಕಣ್ಣು ತೂರಿಸಿದೆ. ಈ ವೃತ್ತಿಗೆ ಬಂದಾಗಿನಿಂದ ನಾನು ನನ್ನ ಕಣ್ಣನ್ನು ಅನುಮಾನಿಸಿದ್ದು ಅದೇ ಮೊದಲು.

ಮೇಜಿನ ಮೇಲೆ ಉದ್ದನೆಯ ರಟ್ಟು. ಅದರ ಮೇಲೆ ಕಪ್ಪು ಬಿಳಿ ಪಟ್ಟೆ ಬರೆದಿದೆ. ಭಾವ ಅದರ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತು, ಹತ್ತೂ ಬೆರಳಿನಿಂದ ರಟ್ಟನ್ನು ಕುಟ್ಟುತ್ತಿದ್ದಾರೆ. ಹಣೆಯಲ್ಲಿ ಬೆವರು. ಟೀಚರಮ್ಮ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದಾರೆ. ಕೋಣೆಯಲ್ಲಿ ನೊಣ ಹಾರಿದರೂ ಕೇಳಿಸುವಷ್ಟು ನಿಶ್ಶಬ್ದ.

ಇದ್ದಕ್ಕಿದ್ದಂತೆ ಆಕೆ ಎರಡೂ ಕಿವಿ ಮುಚ್ಚಿಕೊಂಡರು. "ಅಯ್ಯಯ್ಯೋ! ಎಂಥಾ ಕರ್ಕಶ! ಕಿವಿ ಸುಟ್ಟುಹೋಯ್ತು!"

"ಕ್ಷಮಿಸಿ, ನಾಲ್ಕನೇ ಬೆರಳು ಜಾರಿತು" ಎಂದರು ಭಾವ.

"ಮೊದಲಿನಿಂದ. ಹಾಂ... ಹಾಂ... ಈಗ ಸೊಗಸಾಯ್ತು. ಆದ್ರೆ ಇಷ್ಟು ಜೋರು ಬೇಡ. ಕೆಳಗಿನ ಮನೆಯವರು ದೂರು ಕೊಟ್ಟಾರು."

ಭಾವ ರಟ್ಟನ್ನು ಮೆಲ್ಲಗೆ ಕುಟ್ಟತೊಡಗಿದರು.

ಹುಚ್ಚು ಅಂಟುರೋಗವೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ! ಒಬ್ಬರಿಗೆ ಹಿಡಿದದ್ದು ಇನ್ನೊಬ್ಬರಿಗೂ ತಗುಲಿದೆ. ನಾನು ಆ ಬಾಗಿಲಲ್ಲಿ ಇನ್ನೊಂದು ನಿಮಿಷ ನಿಂತರೆ ನನಗೂ ಸಂಗೀತ ಕೇಳಿಸಬಹುದು ಎಂದು ಹೆದರಿ, ಮೆಟ್ಟಿಲುಗಳನ್ನು ಹಾರಿ ಹಾರಿ ಇಳಿದೆ. ಅಕ್ಕನಿಗೆ ಹೇಳಿದೆ. ಅವಳು ಒಲೆ ಆರಿಸಿ ಹೊರಟಳು. ಲ್ಯಾಬಿಗೆ ಫೋನು ಮಾಡಿದೆ. ಮಗಳು ಯಾರದೋ ತೋಳಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿ ಓಡಿಬಂದಳು. ಡಾಕ್ಟರನ್ನು ಕ್ಲಿನಿಕ್ಕಿನಿಂದ ಹೆಚ್ಚುಕಡಿಮೆ ಎತ್ತಿಕೊಂಡೇ ಬಂದೆ. ವಾಚ್‌ಮನ್‌ನನ್ನು ಯಾರೂ ಕರೆಯಲಿಲ್ಲ. ಅವನು ಎಲ್ಲರಿಗಿಂತ ಮುಂದಿದ್ದ.

ನಾವು ಐದು ಜನ ಒಳಗೆ ನುಗ್ಗಿದಾಗ ಭಾವ ಥಟ್ಟನೆ ಎದ್ದು ರಟ್ಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಆದರೆ ಅದು ಎರಡೂ ಕಡೆ ಮೊಳ ಮೊಳ ಹೊರಗೆ ಚಾಚಿತ್ತು.

"ಏನೂ ಹೆದರಬೇಡಿ" ಎಂದರು ಡಾಕ್ಟರು, ಹೆದರಿದ ದನಿಯಲ್ಲಿ. "ಸುಮ್ನೆ ನಾಲ್ಕು ಪ್ರಶ್ನೆ ಕೇಳ್ತೀನಿ. ಕೂತ್ಕೊಳ್ಳಿ."

ಕೋಟಿನ ಜೇಬಿನಿಂದ ಕಾಗದ ತೆಗೆದು ಕೇಳಿದರು. ಇವತ್ತು ಯಾವ ವಾರ, ಯಾವ ತಾರೀಖು? ಭಾವ ಹೇಳಿದರು. ನೂರರಿಂದ ಏಳೇಳು ಕಳೆಯುತ್ತ ಬನ್ನಿ. ಇಳಿಜಾರಿನಲ್ಲಿ ಬಿಟ್ಟ ಚಕ್ರದ ಹಾಗೆ ಇಳಿದುಬಂದರು. ನಾನು ಮನಸ್ಸಿನಲ್ಲೇ ಕಳೆಯುತ್ತಿದ್ದವನು ಎಂಬತ್ತಾರರಲ್ಲಿ ಸಿಕ್ಕಿಕೊಂಡೆ. "ಬಾಗಿಲು, ಕುದುರೆ, ನಿಂಬೆಹಣ್ಣು, ಚಮಚ, ಮೋಡ. ಇವನ್ನು ನೆನಪಿಡಿ, ಆಮೇಲೆ ಕೇಳ್ತೀನಿ" ಎಂದು, ಬೇರೆ ಮಾತಾಡಿಸಿ, ಮತ್ತೆ ಕೇಳಿದರು. ಭಾವ ಐದನ್ನೂ ಹೇಳಿ, ಕೇಳದಿದ್ದರೂ ಹಿಂದುಮುಂದಾಗಿ ಇನ್ನೊಮ್ಮೆ ಹೇಳಿದರು.

ಡಾಕ್ಟರು ದಂಗಾಗಿ, "ಮತ್ತೆ ಈ ರಟ್ಟು ಯಾತಕ್ಕೆ?" ಎಂದರು.

"ನನ್ನ ಕೇಳಿ" ಎಂದರು ಟೀಚರಮ್ಮ. "ಈ ಮನುಷ್ಯ ಬಂದು ಬಾಗಿಲಲ್ಲಿ ನಿಂತು, 'ವಯಸ್ಸಾದವರು ಹೊಸದಾಗಿ ವಾದ್ಯ ಕಲಿತರೆ ಮಿದುಳು ಚುರುಕಾಗುತ್ತೆ ಅಂತ ರೇಡಿಯೋದಲ್ಲಿ ಹೇಳಿದ್ರು, ಕಲಿಸ್ತೀರಾ?' ಅಂದ್ರು. ಕಲಿಸ್ತೀನಿ ಅಂದೆ. ಆದ್ರೆ ಕಟ್ಟಡದಲ್ಲಿ ವಾದ್ಯ ನುಡಿಸೋ ಹಾಗಿಲ್ಲ, ನಿಯಮ ಇದೆ. ಯಾರು ಮಾಡಿದ ನಿಯಮ ಅಂತ ನಾನು ಹೇಳಲ್ಲ. ಅದಕ್ಕೇ ರಟ್ಟಿನ ಮೇಲೆ ಬರೆದುಕೊಟ್ಟೆ. ಬೆರಳಿನ ಚಲನೆ ನೋಡಿದ್ರೆ ಸಾಕು, ನನಗೆ ಎಲ್ಲಾ ಕೇಳಿಸುತ್ತೆ. ಇವರು ನುಡಿಸೋದು ಹೊರಗೆ ಕೇಳಿಸದೆ ಇದ್ದದ್ದು ನಿಮ್ಮೆಲ್ಲರ ಪುಣ್ಯ."

"ಅಂದ್ರೆ ಆ ಒಂದು, ಮೂರು, ಐದು..." ನಾನು ತೊದಲಿದೆ.

"ಬೆರಳಿನ ನಂಬರು ಕಣೋ, ಪೆದ್ದ! ಹೆಬ್ಬೆರಳು ಒಂದು, ಕಿರುಬೆರಳು ಐದು!" ಎಂದು ಭಾವ ಗುಡುಗಿದರು.

ಮಗಳ ಕಣ್ಣಲ್ಲಿ ನೀರು. "ನಮಗೆ ಒಂದು ಮಾತು ಹೇಳಬಾರದಿತ್ತಾ ಅಪ್ಪ? ನಾವು ಏನೇನು ಅಂದುಕೊಂಡ್ವಿ!"

ಭಾವ ರಟ್ಟಿನ ಅಂಚು ಸವರುತ್ತ ನಿಂತರು. ದನಿ ಇಳಿದುಹೋಯಿತು. "ಹೇಳಿ, ಆಮೇಲೆ ಕಲಿಯೋಕಾಗದೆ ಹೋದ್ರೆ? ಅದನ್ನೂ ಮರೆತ ಅನ್ನೋರು. ಅವತ್ತು ಶಾಲೆ ಹತ್ರ ನಮ್ಮ ಮಗುವಿನ ಮುಖ ನನಗೆ ಗೊತ್ತಾಗಲಿಲ್ಲ ಕಣಮ್ಮ. ಅವಳ ಮುಖ! ಮನೆಗೆ ಬಂದು ನಿಮ್ಮಮ್ಮ ಕಿರುಚಿದ ಮೇಲೆ ಗೊತ್ತಾಯ್ತು. ಅವತ್ತಿಂದ ನಾನು ಹೆದರಿ ಹೆದರಿ ಸತ್ತಿದ್ದೀನಿ. ಅವಳನ್ನ ಕರ್ಕೊಂಡು ಬರೋ ದಾರಿ ಒಂದು ನನಗೆ ವಾಪಸ್ ಸಿಕ್ಕಿದ್ರೆ ಸಾಕು ಅಂತ ಇದನ್ನ ಹಿಡ್ಕೊಂಡೆ."

ವಾಚ್‌ಮನ್ ಮೂಗೊರೆಸಿಕೊಂಡ. ಡಾಕ್ಟರು ಪ್ರಶ್ನೆಗಳ ಕಾಗದ ಮಡಿಚಿ ಜೇಬಿಗಿಟ್ಟು, "ರೇಡಿಯೋದವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ವಾದ್ಯ ಕಲಿಯುವಾಗ ಕಣ್ಣು, ಕಿವಿ, ಕೈ, ನೆನಪು ಎಲ್ಲಾ ಒಟ್ಟಿಗೆ ದುಡೀಬೇಕು. ಕೆಲವರಿಗೆ ಗಮನ, ನೆನಪು ಸುಧಾರಿಸುತ್ತೆ. ಆದ್ರೆ ಅದೇನು ಮಂತ್ರ ಅಲ್ಲ, ಎಲ್ಲರಿಗೂ ಒಂದೇ ಥರ ಕೆಲಸ ಮಾಡುತ್ತೆ ಅಂತಾನೂ ಇಲ್ಲ. ಸದ್ಯಕ್ಕೆ ನಿಮ್ಮ ತಲೆ ಬಗ್ಗೆ ನನಗೆ ಚಿಂತೆಯಿಲ್ಲ. ಆದ್ರೆ ಕಿವಿಗೆ ಕೆಲಸಾನೇ ಕೊಟ್ಟಿಲ್ಲವಲ್ರೀ ನೀವು! ನಿಜವಾದ ಪಿಯಾನೋ ಒಂದು ಸಲ ನುಡಿಸಿ, ಕೇಳೋಣ" ಎಂದರು.

ಟೀಚರಮ್ಮ ಕೈಕಟ್ಟಿ ನಿಂತರು. "ಸೆಕ್ರೆಟರಿಯವರ ಅನುಮತಿ ಬೇಕು."

ಎಲ್ಲರೂ ಭಾವನ ಕಡೆ ತಿರುಗಿದೆವು. ಭಾವ ಚಾವಣಿ ನೋಡಿದರು, ನೆಲ ನೋಡಿದರು. ಕೊನೆಗೆ, "ನಿಯಮವನ್ನು ತಾತ್ಕಾಲಿಕವಾಗಿ ತಡೆಹಿಡಿಯಲಾಗಿದೆ" ಎಂದು ಸಭೆಯಲ್ಲಿ ಓದುವ ಧಾಟಿಯಲ್ಲಿ ಪ್ರಕಟಿಸಿದರು.

"ತಾತ್ಕಾಲಿಕ?" ಎಂದರು ಟೀಚರಮ್ಮ.

"ರದ್ದು ಮಾಡಲಾಗಿದೆ" ಎಂದರು ಭಾವ.

ಟೀಚರಮ್ಮನಿಗೆ ಅಷ್ಟು ವಯಸ್ಸಾಗಿದೆ ಎಂದು ಆಗ ಯಾರೂ ಹೇಳುವಂತಿರಲಿಲ್ಲ. ಪಿಯಾನೋದ ಮೇಲೆ ಪೇರಿಸಿದ್ದ ಡಬ್ಬಿ, ಬುಟ್ಟಿ, ಹಳೆ ಪತ್ರಿಕೆಗಳ ಕಟ್ಟು ಎಲ್ಲವನ್ನೂ ನನ್ನ ಕೈಗೆ, ವಾಚ್‌ಮನ್ ಕೈಗೆ ಸರಸರನೆ ದಾಟಿಸಿ, ಬಟ್ಟೆ ಎಳೆದು, ಮುಚ್ಚಳ ತೆಗೆದರು. ಭಾವ ಕೂತರು. ಬೆರಳು ಇಟ್ಟು ಒತ್ತಿದರು.

ಢಣ್ ಎಂದಿತು. ಭಾವ ಕುರ್ಚಿಯಿಂದ ಮೇಲಕ್ಕೆ ಹಾರಿದರು.

"ಅಬ್ಬಬ್ಬಾ! ಇಷ್ಟು ಸದ್ದು ಬರುತ್ತಾ ಇದರಿಂದ?"

"ವಾದ್ಯ ಕಣ್ರೀ ಅದು!" ಎಂದರು ಟೀಚರಮ್ಮ. "ಕೂತ್ಕೊಳ್ಳಿ."

ಮತ್ತೆ ಕೂತರು. ಮೊದಲು ನಾಲ್ಕು ಸ್ವರ, ಆಮೇಲೆ ಎಂಟು. ಮಕ್ಕಳು ಆಟವಾಡುತ್ತ ಗುನುಗುವಂಥ ಪುಟ್ಟ ರಾಗ. ಎಡಗೈ ಒಂದು ಹೇಳುತ್ತಿತ್ತು, ಬಲಗೈ ಇನ್ನೊಂದು. ಅಕ್ಕ ಸಂಬಂಧವೇ ಇಲ್ಲ ಎಂದಿದ್ದಳಲ್ಲ, ಎರಡೂ ಸೇರಿ ಎಂಥ ಸಂಬಂಧ ಕಟ್ಟಿದವೆಂದರೆ ಅವಳು ಬಾಯಿಗೆ ಸೆರಗು ಹಚ್ಚಿ ನಿಂತುಬಿಟ್ಟಳು. ಅಲ್ಲಲ್ಲಿ ಬೆರಳು ತಪ್ಪಿದಾಗ ಟೀಚರಮ್ಮ ನರಳುವರು. ಮೆಟ್ಟಿಲ ಉದ್ದಕ್ಕೂ ಬಾಗಿಲುಗಳು ತೆರೆದವು. ನಿಯಮ ಬರೆದವರೇ ನಿಯಮ ಮುರಿಯುತ್ತಿರುವುದನ್ನು ಕಂಡ ಕಟ್ಟಡದವರು ಬಾಯಿಬಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು. ನಾವೆಲ್ಲ ಎಷ್ಟು ಹೊತ್ತು ಹಾಗೆ ಮೈಮರೆತು ನಿಂತೆವೋ ಗೊತ್ತಿಲ್ಲ.

ರಾಗ ನಡುವಿನಲ್ಲಿ ನಿಂತಿತು. ಭಾವ ಕಿಟಕಿಯ ಬೆಳಕು ನೋಡಿದರು, ಗೋಡೆಯ ಗಡಿಯಾರ ನೋಡಿದರು, ನಿಧಾನವಾಗಿ ನಮ್ಮ ಕಡೆ ತಿರುಗಿದರು.

"ಶಾಲೆ ಬಿಟ್ಟಿರುತ್ತೆ. ಮಗೂನ ಇವತ್ತು ಕರ್ಕೊಂಡು ಬರೋರು ಯಾರು?"

ಅಕ್ಕ ಮಗಳ ಮುಖ ನೋಡಿದಳು. "ನೀನು ಬೇಗ ಬಂದ್ಯಲ್ಲ, ಬರ್ತಾ ಕರ್ಕೊಂಡು ಬಂದಿರ್ತೀಯ ಅಂದುಕೊಂಡೆ."

ಮಗಳು ನನ್ನ ಮುಖ ನೋಡಿದಳು. "ಮಾವ ಫೋನ್ ಮಾಡಿದಾಗ, ಅವರು ಆಗ್ಲೇ ಯಾರನ್ನೋ ಕಳಿಸಿರ್ತಾರೆ ಅಂದುಕೊಂಡೆ."

ನನಗೆ ನೋಡಲು ಯಾರೂ ಉಳಿದಿರಲಿಲ್ಲ. ವಾಚ್‌ಮನ್‌ನ ಮುಖ ನೋಡಿದೆ. ಅವನು ಗೋಡೆ ನೋಡಿದ.

ತಾಯಿ, ಅಜ್ಜಿ, ಅಜ್ಜಿಯ ತಮ್ಮ, ಮೂವರೂ ನಿಂತಲ್ಲೇ ಕಲ್ಲಾದೆವು. ಭಾವ ಮಾತ್ರ ಆಗಲೇ ಬಾಗಿಲಲ್ಲಿದ್ದರು.

"ಅಪ್ಪ..." ಎಂದಳು ಮಗಳು.

"ಆಮೇಲೆ ಅಳು, ಈಗ ದಾರಿ ಬಿಡು" ಎಂದು, ಮೆಟ್ಟಿಲ ಮೇಲೆ ಕೂತಿದ್ದವರನ್ನೆಲ್ಲ ದಾಟಿಕೊಂಡು ಬರಿಗಾಲಲ್ಲಿ ಇಳಿದುಹೋದರು. ಮಗಳು ಅವರ ಶೂ ಎತ್ತಿಕೊಂಡು ಹಿಂದೆಯೇ ಓಡಿದಳು.

ನಾವು ಕಿಟಕಿಗೆ ಮುಗಿಬಿದ್ದೆವು. ಬೀದಿಯ ತುದಿಯಲ್ಲಿ ಶಾಲೆಯ ಗೇಟು ಕಾಣುತ್ತದೆ. ಗೇಟಿನ ಹತ್ತಿರ ಕಾವಲುಗಾರನ ಪಕ್ಕದಲ್ಲಿ ನೀಲಿ ಚೀಲದ ಒಂದೇ ಒಂದು ಹುಡುಗಿ ನಿಂತಿತ್ತು. ಭಾವ ಹೋಗಿ ಮುಂದೆ ನಿಂತರು. ಬಗ್ಗಿ ಮುಖ ನೋಡಿದರು. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ಇನ್ನೊಮ್ಮೆ ನೋಡಿದರು. ಮಗು ಅವರ ಕಿರುಬೆರಳು ಹಿಡಿದು, ಆ ಕ್ಷಣದಿಂದಲೇ ಕೈ ಬಾಯಿ ಆಡಿಸುತ್ತ ವರದಿ ಒಪ್ಪಿಸಲು ಶುರುಮಾಡಿತು. ಶೂ ಹಿಡಿದ ಮಗಳು ಅವರನ್ನು ಕರೆಯಲಿಲ್ಲ, ಹತ್ತಿರವೂ ಹೋಗಲಿಲ್ಲ. ನಾಲ್ಕು ಮಾರು ಹಿಂದೆ ನಿಂತು, ಇಬ್ಬರನ್ನೂ ಮುಂದೆ ಬಿಟ್ಟು ನಡೆದು ಬಂದಳು.

ಅಕ್ಕ ನಿಟ್ಟುಸಿರು ಬಿಟ್ಟಳು. ನಾನು ಕಿಟಕಿಯಿಂದ ತಿರುಗಿದೆ. ಡಾಕ್ಟರು ನನ್ನನ್ನು, ಅಕ್ಕನನ್ನು ಒಬ್ಬೊಬ್ಬರನ್ನಾಗಿ ನೋಡಿ, ಜೇಬಿನಿಂದ ಆ ಪ್ರಶ್ನೆಗಳ ಕಾಗದವನ್ನು ಮತ್ತೆ ಹೊರತೆಗೆದು, ಕುರ್ಚಿ ಎಳೆದು ಕೂತರು.

"ಹೂಂ, ಬನ್ನಿ" ಎಂದರು. "ಮೊದಲು ಯಾರು?"